ಬ್ಯಾಕ್‌ಗ್ರೌಂಡಿನೊಳಗಿನ ಊರು

ದುಬೈನ ಹಳೆಯ ಫೋಟೋಗಳನ್ನು ನೋಡುವುದರಲ್ಲಿ ಒಂದು ವಿಚಿತ್ರ ಸುಖವಿದೆ. ಇವತ್ತು ನಮಗೆ ಗೊತ್ತಿರುವ ದುಬೈ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವುಗಳಲ್ಲಿರುತ್ತದೆ. ಗಾಳಿಗೋಪುರ ಹೊತ್ತ ಮಣ್ಣಿನ ಬಣ್ಣದ ಮನೆಗಳು, ದಂಡೆಗೆ ಹತ್ತಿ ನಿಂತ ಮರದ ಹಡಗುಗಳು, ಮೂಟೆ ಹೊತ್ತವರ ಬೆನ್ನು. 1979ರಲ್ಲಿ ಎದ್ದ 39 ಮಹಡಿಯ ವರ್ಲ್ಡ್ ಟ್ರೇಡ್ ಸೆಂಟರ್ ಅಂತೂ, ಮದುವೆ ದಿನ ತಪ್ಪಿ ಒಂದು ವಾರ ಮೊದಲೇ ಬಂದಿಳಿದ ಬೀಗರಂತೆ, ಉಸುಕಿನ ನಡುವೆ ಪೇಚಾಡುತ್ತ ನಿಂತಿದೆ. ಅದಕ್ಕೂ ಮೊದಲಿನ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆ ಸೇರುತ್ತಿದ್ದದ್ದು ನಮ್ಮದೇ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಯ ನಾಡುಗಳಿಗೆಂದೇ ಬೇರೆ ಬಣ್ಣದ ನೋಟು ತಂದಿತು. 1966ರವರೆಗೆ ದುಬೈ ಅದರಲ್ಲೇ ವ್ಯವಹಾರ ಮಾಡಿತು.

ಈ ಫೋಟೋಗಳನ್ನು ನನಗೆ ವಾಟ್ಸಾಪಿನಲ್ಲಿ ಕಳಿಸುವವನು ಹುಬ್ಬಳ್ಳಿ ಪಕ್ಕದ ನಮ್ಮ ತಾರಿಹಾಳದ ಹುಡುಗ. ಐಟಿಐ ಮುಗಿಸಿ, ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡೊಂದರಲ್ಲಿ ಲೇತ್ ಮೇಲೆ ಕೈ ಪಳಗಿಸಿಕೊಂಡು ಅಲ್ಲಿಗೆ ಹೋದವನು. ಒಮ್ಮೆ ಅವನ ಅಮ್ಮನಿಗೆ, ಅಂದರೆ ಅವರವ್ವನ ಅವ್ವನಿಗೆ, ಮೊಬೈಲು ಹಿಡಿದು ತೋರಿಸಿದೆ. ಮನೆ ಕಟ್ಟಿಸಿ ಸುಸ್ತಾದ ಜೀವ ಅದು. ಒಂಟೆ ನೋಡಲಿಲ್ಲ, ಗೋಪುರ ನೋಡಲಿಲ್ಲ.

“ಯಪ್ಪಾ, ಎಷ್ಟ್ ಉಸುಕ್ ಐತೋ! ಅಲ್ಲಿ ಟ್ರಿಪ್ಪಿಗೆ ಎಷ್ಟ್ ತೊಗೋತಾರ?”

ಮರುಭೂಮಿಯ ಉಸುಕು ಗಾಳಿಗೆ ಸವೆದು ಸವೆದು ನುಣ್ಣಗಾಗಿರುತ್ತದೆ, ಸಿಮೆಂಟಿಗೆ ಹಿಡಿತ ಕೊಡುವುದಿಲ್ಲ, ಅವರೂ ಕಟ್ಟಡದ ಉಸುಕನ್ನು ಹೊರಗಿನಿಂದ ತರಿಸುತ್ತಾರೆ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದ ರೀತಿಯಲ್ಲೇ ನನ್ನ ಮಾತಿನ ಬೆಲೆ ಗೊತ್ತಾಯಿತು.

ದುಬೈಗೆ ಒಂದು ಅದೃಷ್ಟವಿತ್ತು. ಊರು ಬೆಳೆಯುವ ಹೊತ್ತಿಗೆ ಕ್ಯಾಮೆರಾ ಹೆಗಲಿಗೇರುವಷ್ಟು ಸಣ್ಣದಾಗಿತ್ತು. 1965ರಲ್ಲಿ ಮುಂಬಯಿಯಿಂದ ರಮೇಶ್ ಶುಕ್ಲಾ ಎಂಬವರು ಹಡಗು ಹತ್ತಿ ಆ ಕರಾವಳಿಗೆ ಹೋದರು. 1971ರ ಡಿಸೆಂಬರ್ 2ರಂದು ಎಮಿರೇಟುಗಳು ಒಂದಾದ ದಿನ ಶೇಖರೆಲ್ಲ ಧ್ವಜದ ಕೆಳಗೆ ನಿಂತ ಚಿತ್ರ ತೆಗೆದವರು ಅವರೇ. ನನಗೆ ಆ ಚಿತ್ರಕ್ಕಿಂತ ಬೀದಿಯ ಚಿತ್ರಗಳೇ ಇಷ್ಟ. ಶೇಖರನ್ನು ಯಾರಾದರೂ ತೆಗೆಯುತ್ತಾರೆ. ಮೂಟೆ ಹೊತ್ತವನನ್ನು ತೆಗೆಯಲು ಮನಸ್ಸು ಬರಬೇಕು.

ನಮ್ಮ ಸೀಮೆಗೆ ಕ್ಯಾಮೆರಾ ನೂರು ವರ್ಷಕ್ಕೂ ಮೊದಲೇ ಬಂದಿತ್ತು, ನಿಜ. 1855ರಲ್ಲಿ ಸರ್ಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ತೋಪಖಾನೆಯ ಅಧಿಕಾರಿಯನ್ನು ಪುರಾತನ ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆಗಳನ್ನೆಲ್ಲ ಅವರು ಸುತ್ತಿದರು. ಅವರ ಮತ್ತು ಅವರ ನಂತರದವರ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ-ಮೈಸೂರು ಸೀಮೆಯ ವಾಸ್ತುಶಿಲ್ಪದ ಭಾರೀ ಗ್ರಂಥವೊಂದು ಅಚ್ಚಾಯಿತು. ಆದರೆ ಸಾಹೇಬರಿಗೆ ಬೇಕಾಗಿದ್ದದ್ದು ಗುಡಿ. ಆ ಕಾಲದ ಇಂಥ ಚಿತ್ರಗಳಲ್ಲಿ ಕಂಬದ ಪಕ್ಕ ಮುಂಡಾಸಿನವನೊಬ್ಬ ಆಗಾಗ ಕಾಣಿಸಿಕೊಳ್ಳುತ್ತಾನೆ. ಅವನನ್ನು ಪ್ರೀತಿಯಿಂದ ಕರೆದು ನಿಲ್ಲಿಸಿದ್ದಲ್ಲ. ಕಂಬ ಎಷ್ಟೆತ್ತರ ಎಂದು ಲಂಡನ್ನಿನವರಿಗೆ ತಿಳಿಯಲಿ ಅಂತ. ನಮ್ಮ ಹಿರಿಯರು ಚರಿತ್ರೆಯೊಳಗೆ ಕಾಲಿಟ್ಟದ್ದು ಅಳತೆಪಟ್ಟಿಯಾಗಿ.

ಪೇಟೆಯನ್ನು ತೆಗೆಯೋಣವೆಂದರೂ ಆಗ ಕಷ್ಟವೇ ಇತ್ತು. ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕು, ಅಲುಗಾಡಿದ್ದೆಲ್ಲ ಮಾಯ. 1838ರಲ್ಲಿ ಪ್ಯಾರಿಸಿನ ಗಿಜಿಗುಡುವ ಬೀದಿಯೊಂದನ್ನು ದಾಗೇರ್ ಎಂಬವರು ತೆಗೆದ ಚಿತ್ರದಲ್ಲಿ ಎಲ್ಲರೂ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನೊಬ್ಬ ಉಳಿದ. ಹಾಗೆ ನಮ್ಮ ದುರ್ಗದ ಬೈಲನ್ನು ತೆಗೆದಿದ್ದರೆ ಯಾರು ಉಳಿಯುತ್ತಿದ್ದರು? ಹಮಾಲರು ಉಳಿಯುತ್ತಿರಲಿಲ್ಲ, ಕೂಗುವ ಕಾಯಿಪಲ್ಲೆಯವರು ಉಳಿಯುತ್ತಿರಲಿಲ್ಲ. ನಡುರಸ್ತೆಯಲ್ಲಿ ಮಲಗಿದ ಎಮ್ಮೆ, ಮತ್ತು ಉದ್ರಿ ಕೇಳಲು ಅಂಗಡಿಯ ಮುಂದೆ ಅಲುಗಾಡದೆ ನಿಂತ ಒಬ್ಬ ಗೃಹಸ್ಥ. ಅವರಿಬ್ಬರನ್ನು ನೋಡಿ ಇತಿಹಾಸಕಾರರು ಹುಬ್ಬಳ್ಳಿಯ ಬಗ್ಗೆ ಏನೇನು ಬರೆಯುತ್ತಿದ್ದರೋ!

ಜನರ ದಿನದ ಬದುಕನ್ನು ಗಮನವಿಟ್ಟು ತೆಗೆದವರಲ್ಲಿ ಬಾಸೆಲ್ ಮಿಶನ್ನಿನವರಿದ್ದರು. 1830ರ ದಶಕದಲ್ಲೇ ಧಾರವಾಡ, ಹುಬ್ಬಳ್ಳಿಗೆ ಬಂದು ಬಿಡಾರ ಹೂಡಿದವರು ಅವರು. ಕ್ಯಾಮೆರಾ ಬಂದ ಮೇಲೆ ಶಾಲೆ, ಹೊಲ, ಸಂತೆ, ಮನೆಮಂದಿ ಎಲ್ಲ ತೆಗೆದು ಊರಿಗೆ ಕಳಿಸಿದರು. ಅವರ ಊರಿಗೆ. ಹೀಗಾಗಿ ನಮ್ಮ ಮುತ್ತಜ್ಜನ ಕಾಲದ ಮುಖಗಳು ಇವತ್ತು ಸ್ವಿಟ್ಜರ್ಲೆಂಡಿನಲ್ಲಿ ತಣ್ಣಗಿವೆ. ಇಲ್ಲಿದ್ದಿದ್ದರೆ ಗೆದ್ದಲು ಅವುಗಳಿಗೆ ನ್ಯಾಯ ಒದಗಿಸುತ್ತಿತ್ತು ಎಂಬುದನ್ನೂ ಒಪ್ಪಬೇಕು.

ತಾರಿಹಾಳಕ್ಕೆ ಮಾತ್ರ ಯಾರೂ ಬರಲಿಲ್ಲ. ಗೋಕುಲ ರಸ್ತೆ ಹಿಡಿದು ವಿಮಾನ ನಿಲ್ದಾಣದ ಕಡೆ ಬಂದವರಿಗೆ ನಮ್ಮ ಶೆಡ್ಡುಗಳು, ಫೌಂಡ್ರಿಗಳು, ಬೈಪಾಸಿನ ಲಾರಿಗಳು ಕಾಣುತ್ತವೆ. ಅಲ್ಲೆಲ್ಲ ಮೊದಲು ಹೊಲ ಇತ್ತು ಎಂದು ನಾವು ಬಾಯಲ್ಲಿ ಹೇಳಬೇಕು. ಸರ್ವೇ ನಂಬರು ಇದೆ, ಪಹಣಿ ಇದೆ, ಚಿತ್ರವಿಲ್ಲ. ಮೊದಲ ಬುಲ್ಡೋಜರ್ ಬಂದ ದಿನ ಊರೆಲ್ಲ ನೋಡಲು ಹೋಗಿತ್ತಂತೆ. ನೋಡಿದವರು ಯಾರ ಕೈಯಲ್ಲೂ ಕ್ಯಾಮೆರಾ ಇರಲಿಲ್ಲ. ಕ್ಯಾಮೆರಾ ಊರೊಳಗೆ ಬರುತ್ತಿದ್ದದ್ದು ಲಗ್ನಕ್ಕೆ ಮಾತ್ರ, ಅದೂ ಬಾಡಿಗೆಗೆ.

ಹಾಗಾಗಿ ನನಗೊಂದು ಉಪಾಯ ಹೊಳೆಯಿತು: ಊರಿನ ಲಗ್ನದ ಆಲ್ಬಮ್ಮುಗಳನ್ನು ಕೇಳಿ ತಂದು, ಮದುಮಕ್ಕಳನ್ನು ಬಿಟ್ಟು ಅವರ ಹಿಂದಿನದನ್ನು ನೋಡುವುದು. ಇದರಿಂದ ಕೆಲವರಿಗೆ ಬೇಜಾರಾಯಿತು. “ಕಾಕಾ, ನಮ್ಮವ್ವನ್ನ ನೋಡ್ರಿ ಅಂದ್ರ ಕಣಕಿ ಬಣಿವಿ ನೋಡಾಕ್ಹತ್ತೀರಲ್ರಿ!” ಎಂದು ಒಬ್ಬ ಆಲ್ಬಮ್ಮು ಕಿತ್ತುಕೊಂಡ. ಆದರೂ ಸುಗ್ಗಿ ಫಲವತ್ತಾಗಿತ್ತು. ಸೀರೆಯ ಸೆರಗಿನಾಚೆ ಒಂದು ಬಾವಿಗಟ್ಟೆ, ಮಾವನವರ ರುಮಾಲಿನ ಮೇಲೆ ಈಗಿಲ್ಲದ ಬೇವಿನ ಮರದ ಟೊಂಗೆ, ಬಾಸಿಂಗದ ಸಂದಿಯಲ್ಲಿ ಜೋಳದ ತೆನೆ.

ನಾನು ಎಲ್ಲಕ್ಕಿಂತ ಆಸೆಯಿಟ್ಟಿದ್ದದ್ದು ನಮ್ಮ ಮನೆಯದೇ ಒಂದು ಫೋಟೋದ ಮೇಲೆ. ದೊಡ್ಡಪ್ಪ ಹೊಲದ ಬದುವಿನಲ್ಲಿ, ಈಗ ಫೌಂಡ್ರಿ ಇರುವ ಜಾಗದಲ್ಲೇ, ಚಕ್ಕಡಿಯ ಮುಂದೆ ನಿಂತು ತೆಗೆಸಿಕೊಂಡಿದ್ದು. ಆದರೆ ದೊಡ್ಡಪ್ಪ ತೀರಿಕೊಂಡ ಮೇಲೆ ಮಕ್ಕಳು ಅದನ್ನು ಸ್ಟುಡಿಯೋಕ್ಕೆ ಕೊಟ್ಟು ದೊಡ್ಡದು ಮಾಡಿಸಿದರು. ಸ್ಟುಡಿಯೋದವನು ಕಳಕಳಿಯ ಮನುಷ್ಯ. ಹಿಂದಿನ ಹೊಲ ಅಷ್ಟು ಚೆನ್ನಾಗಿ ಕಾಣುವುದಿಲ್ಲವೆಂದು ತೆಗೆದುಹಾಕಿ, ಹಿಮದ ಬೆಟ್ಟ, ಪೈನ್ ಮರ, ನೀಲಿ ಸರೋವರ ಕೂರಿಸಿದ್ದಾನೆ. ನಮ್ಮ ಫೋಟೋ ಸ್ವಿಟ್ಜರ್ಲೆಂಡಿನಲ್ಲಿ, ಸ್ವಿಟ್ಜರ್ಲೆಂಡು ನಮ್ಮ ಫೋಟೋದಲ್ಲಿ. ಲೆಕ್ಕ ಚುಕ್ತಾ.

ಒಂದನ್ನು ಮಾತ್ರ ಅವನಿಗೆ ಕತ್ತರಿಸಲಾಗಿಲ್ಲ. ದೊಡ್ಡಪ್ಪನ ಎಡಭುಜಕ್ಕೆ ಅಂಟಿಕೊಂಡಂತೆ ಎತ್ತಿನ ಕೋಡೊಂದು ಹಿಮದ ಬೆಟ್ಟದ ಕಡೆ ಚಾಚಿದೆ. ಅದು ಎಡಗೋಲಿನ ಎತ್ತಿನದೋ ಬಲಗೋಲಿನದೋ ಎಂಬುದರ ಮೇಲೆ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ದೊಡ್ಡವ್ವ ಮಾತ್ರ ಎರಡಕ್ಕೂ ಸೇರಿಲ್ಲ. ಆ ಜೋಡಿಯನ್ನು ಕೊಂಡ ರೊಕ್ಕ ತನ್ನ ತವರಿನದು, ಮೊದಲು ಅದನ್ನು ಒಪ್ಪಿಕೊಳ್ಳಿ ಎನ್ನುತ್ತಾಳೆ.