ಹದಿನೆಂಟು ಖೋಲಿಯ ಲಾಸ್ ವೇಗಸ್

ರಾಣೇಬೆನ್ನೂರಿನ ಹೆದ್ದಾರಿ ಬದಿಗೆ ರುದ್ರಪ್ಪ ಸಾವ್ಕಾರರ ಲಾಡ್ಜು. ಇರುವ ಖೋಲಿ ಹದಿನೆಂಟು, ತುಂಬುವುದು ಆರೋ ಏಳೋ. ಶುಕ್ರವಾರ ಸಂಜೆಯಾದರೆ ಬೆಂಗಳೂರು ನಂಬರಿನ ಕಾರುಗಳು ಗೋವಾ ಕಡೆ ಓಟ ಕೀಳುತ್ತವೆ. ನಿಂತರೆ ಚಹಾಕ್ಕೆ, ಇಲ್ಲವೇ ಪಂಕ್ಚರಿಗೆ. ಹೊಟ್ಟೆಯುರಿ ತಾಳದೆ ಸಾವ್ಕಾರರು ತಾವೇ ಪಣಜಿಗೆ ಹೋಗಿ, ಮಾಂಡೋವಿ ನದಿಯಲ್ಲಿ ನಿಂತ ಹಡಗಿನ ಕ್ಯಾಸಿನೋ ನೋಡಿ ಬಂದರು. ಬಂದವರೇ ಗೌಂಡಿ ಮೌಲಾಸಾಬರಿಗೆ ಹೇಳಿಕಳಿಸಿದರು.

"ಮೌಲಾ, ಈ ಲಾಡ್ಜ್ ಕೆಡವಿಬಿಡು. ಇಲ್ಲೆ ಒಂದು ಲಾಸ್ ವೇಗಸ್ ಎಬ್ಬಿಸೂಣು."

ಮೌಲಾಸಾಬರು ಕಿಸೆಯಿಂದ ಟೇಪು ತೆಗೆದರು. "ಆತ್ರೀ ಸಾವ್ಕಾರ್ರ. ಉದ್ದ ಎಷ್ಟು, ಅಗಲ ಎಷ್ಟು?"

"ಲಾಸ್ ವೇಗಸ್ ಅಂದ್ರ ಏನಂತ ಗೊತ್ತೈತೇನು ನಿನಗ?"

"ಇಲ್ರೀ. ಏನಿದ್ರೂ ಪಾಯಾ ಅಂತೂ ತೆಗೀಬೇಕಲ್ರೀ."

ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುವ ಮಗಳು ಶ್ವೇತಾ ರಜೆಗೆ ಬಂದಿದ್ದಳು. ಅವಳು ಓದುತ್ತಿದ್ದ ಪುಸ್ತಕ ಮುಚ್ಚಿದಳು.

"ಅಪ್ಪಾ, ಕ್ಯಾಸಿನೋ ಅಂದ್ರ ಜೂಜಿನ ಅಡ್ಡೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಪ್ರಕಾರ ಅಂಥಾದ್ದು ನಡಸೂದ ಅಪರಾಧ. ನೀ ಕಟ್ಟಿದ್ರ ಉದ್ಘಾಟನೆಗೆ ಪಿಎಸ್ಐ ಸಾಹೇಬ್ರು ಕರೀದನ ಬರ್ತಾರ. ಕೈಯಾಗ ಕತ್ತರಿ ಇರಂಗಿಲ್ಲ, ಬೇಡಿ ಇರತೈತಿ."

"ಆತು, ಜೂಜು ಬ್ಯಾಡ. ಹೋಟೆಲ್ ಅಷ್ಟ ಭರ್ಜರಿ ಕಟ್ಟೂಣು. ಅಲ್ಲೂ ಮೊದಲ ಬರೇ ಮರುಭೂಮಿ ಇತ್ತಂತ. ಯಾವನೋ ಒಬ್ಬ ಬಂದು ಹೋಟೆಲ್ ಕಟ್ಟಿದ, ರೊಕ್ಕದ ಮಳಿ ಸುರೀತು."

"ಆ ಒಬ್ಬ ಏನಾದ, ಅದನ್ನೂ ಕೇಳು."

ಶ್ವೇತಾ ಕೂತಲ್ಲಿಂದಲೇ ಪಾಠ ಶುರುಮಾಡಿದಳು. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಜೂಜು ಕಾಯ್ದೆಬದ್ಧವಾದದ್ದು 1931ರಲ್ಲಿ. ಊರಾಚೆಯ ಹೆದ್ದಾರಿಯ ಮೇಲೆ ಮೊದಲ ರೆಸಾರ್ಟ್ ಎಲ್ ರಾಂಚೊ ವೇಗಸ್ 1941ರಲ್ಲಿ ಬಂತು. ಅದೇ ರಸ್ತೆಯಲ್ಲಿ ಬಗ್ಸಿ ಸೀಗೆಲ್ ಎಂಬ ಭೂಗತ ದೊರೆ ಫ್ಲಮಿಂಗೊ ಕಟ್ಟಿಸಲು ನಿಂತ. ಖರ್ಚು ಅಂದಾಜು ದಾಟಿ 60 ಲಕ್ಷ ಡಾಲರ್ ಸುತ್ತ ಹೋಯಿತು. ಹಾಕಿದ ರೊಕ್ಕದಲ್ಲಿ ಭೂಗತ ಗೆಳೆಯರದೂ ಇತ್ತು. 1946ರ ಡಿಸೆಂಬರ್ 26ಕ್ಕೆ ಕ್ಯಾಸಿನೋ ಬಾಗಿಲು ತೆರೆಯಿತು, ಮಲಗುವ ಖೋಲಿಗಳೇ ತಯಾರಿರಲಿಲ್ಲ. ಗೆದ್ದವರು ಗೆದ್ದ ರೊಕ್ಕ ಕಿಸೆಗಿಟ್ಟುಕೊಂಡು ಬೇರೆ ಹೋಟೆಲಿಗೆ ಮಲಗಲು ಹೋದರು.

"1947ರ ಜೂನ್ 20ಕ್ಕ ಸೀಗೆಲ್‌ನ ಯಾರೋ ಗುಂಡಿಟ್ಟು ಕೊಂದ್ರು. ಕೊಂದವರು ಇವತ್ತಿಗೂ ಸಿಕ್ಕಿಲ್ಲ."

ಮೌಲಾಸಾಬರ ಕೈಯ ಟೇಪು ಸರ್ರನೆ ಒಳಗೆ ಸೇರಿತು. "ಎಸ್ಟಿಮೇಟ್ ದಾಟಿದ್ದಕ್ಕನಾ ಅವ್ವಾ?"

"ಹಂಗಂತ ಮಂದಿ ಮಾತಾಡ್ತಾರ."

"ಸಾವ್ಕಾರ್ರ, ನಾ ಬರೇ ಲೇಬರ್ ಕಾಂಟ್ರಾಕ್ಟ್ ಹಿಡೀತೀನಿ. ಮಟೀರಿಯಲ್ ನಿಮ್ದ."

ಸಾವ್ಕಾರರು ಇಷ್ಟಕ್ಕೆಲ್ಲ ಹೆದರುವವರಲ್ಲ. ಖೋಲಿ ಎಷ್ಟಿರಬೇಕು ಎಂಬಲ್ಲಿಗೆ ಮಾತು ಬಂತು. 1993ರಲ್ಲಿ ವೇಗಸ್‌ನಲ್ಲಿ ಶುರುವಾದ ಎಂಜಿಎಂ ಗ್ರ್ಯಾಂಡ್‌ನಲ್ಲಿ 5,000 ಖೋಲಿ ಎಂದು ಶ್ವೇತಾ ಹೇಳಿದಾಗ ಅವರ ಮುಖ ಅರಳಿತು. ಮೌಲಾಸಾಬರು ಮಾತ್ರ ತಲೆ ಹಿಡಿದುಕೊಂಡು, "ಐದು ಸಾವಿರ ಸಂಡಾಸ!" ಎಂದು ಪೈಪಿನ ಲೆಕ್ಕಕ್ಕೆ ಬಿದ್ದರು. ಐದು ಸಾವಿರ ಚಾದರ ಒಗೆಯುವವರು ಯಾರು ಎಂಬ ಚಿಂತೆ ಒಳಗಿದ್ದ ರೂಮ್‌ಬಾಯ್‌ಗೆ ಹತ್ತಿತು.

"ಅದಕ್ಕಿಂತ ಮೊದಲ ಅದ ಹೆಸರಿನ ಇನ್ನೊಂದು ಹೋಟೆಲ್ ಇತ್ತು," ಎಂದಳು ಶ್ವೇತಾ. "1980ರ ನವೆಂಬರದಾಗ ಅಲ್ಲಿ ಬೆಂಕಿ ಬಿತ್ತು. ಬೆಂಕಿ ಹತ್ತಿದ್ದು ಕೆಳಗಿನ ಅಂತಸ್ತಿನ್ಯಾಗ, ಬಾಳ ಮಂದಿ ಸತ್ತದ್ದು ಮ್ಯಾಲಿನ ಅಂತಸ್ತಿಗೆ ಏರಿದ ಹೊಗೀಲೆ. 80ಕ್ಕೂ ಹೆಚ್ಚು ಜೀವ ಹೋದವು. ಕ್ಯಾಸಿನೋದೊಳಗ ನೀರು ಚಿಮ್ಮೋ ಸ್ಪ್ರಿಂಕ್ಲರ್ ಇರಲಿಲ್ಲ. ಆಮ್ಯಾಲ ಹಳೇ ಹೋಟೆಲ್‌ಗೂ ಸ್ಪ್ರಿಂಕ್ಲರ್ ಹಾಕಬೇಕಂತ ನೆವಾಡಾದವರು ಕಾಯ್ದೆ ಮಾಡಿದ್ರು."

"ನಮ್ಮಲ್ಲೂ ಕೆಂಪು ಸಿಲಿಂಡರ್ ಐತಲ್ಲ."

"ಐತಿ. ಅದರ ಮ್ಯಾಲ ಟವೆಲ್ ಒಣಹಾಕ್ಯಾರ."

ಸಾವ್ಕಾರರು ಒಳಗೆ ತಿರುಗಿ ಒಂದು ಗದರು ಗದರಿದರು. ಟವೆಲ್ ಮಾಯವಾಯಿತು.

"ಹೊರಗ ಪೂರಾ ಗ್ಲಾಸ್ ಹಾಕೂಣು. ದೂರದಿಂದ ಮಿಂಚಬೇಕು," ಎಂದರು ಸಾವ್ಕಾರರು ಮತ್ತೆ. ಅದಕ್ಕೂ ಶ್ವೇತಾಳ ಬಳಿ ಒಂದು ಕಥೆ ಇತ್ತು. ವೇಗಸ್‌ನ ವಡಾರಾ ಎಂಬ ಹೋಟೆಲಿಗೆ ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ ಒಳಬಾಗಿದ ಗಾಜಿನ ಮೈ ಕೊಟ್ಟಿದ್ದರು. ಆ ಬಾಗಿದ ಗಾಜು ಬಿಸಿಲನ್ನೆಲ್ಲ ಒಂದೇ ಕಡೆ ಕೂಡಿಸಿ ಈಜುಕೊಳದ ಬದಿಗೆ ಬಿಟ್ಟಿತು. ಅಲ್ಲಿ ಪ್ಲಾಸ್ಟಿಕ್ ಚೀಲ ಕರಗಿದ್ದು 2010ರಲ್ಲಿ ದೊಡ್ಡ ಸುದ್ದಿ. ಅದೇ ವಿನ್ಯೋಲಿ ಲಂಡನ್ನಿನಲ್ಲಿ ಕಟ್ಟಿಸಿದ ಗಾಜಿನ ಗೋಪುರ 2013ರಲ್ಲಿ ಕೆಳಗೆ ನಿಲ್ಲಿಸಿದ್ದ ಕಾರಿನ ಭಾಗಗಳನ್ನೇ ಕರಗಿಸಿತು.

"ಹಾಕ್ರಿ ಸಾವ್ಕಾರ್ರ," ಎಂದರು ಮೌಲಾಸಾಬರು. "ಎದುರಿನ ಮಿರ್ಚಿ ಬಂಡಿಯವಗ ಗ್ಯಾಸ್ ಖರ್ಚು ಉಳೀತೈತಿ."

"ನಗಬ್ಯಾಡ್ರಿ ಕಾಕಾ, ನಿಮ್ಮ ಪಾಠನೂ ಐತಿ. ಅದ ವಡಾರಾ ಬಾಜೂಕ ಹಾರ್ಮನ್ ಅಂತ ಹೋಟೆಲ್. ನಕ್ಷಾ ನಾರ್ಮನ್ ಫಾಸ್ಟರ್ ಕಂಪನೀದು, 49 ಅಂತಸ್ತು. ಕಾಂಕ್ರೀಟ್ ಒಳಗಿನ ಕಂಬಿ ನಕ್ಷಾದಾಗಿದ್ದಂಗ ಕಟ್ಟಿಲ್ಲ ಅಂತ 2008ರಾಗ ಸಿಕ್ತು. 28ಕ್ಕ ನಿಲ್ಲಿಸಿದ್ರು. ಒಬ್ಬ ಗಿರಾಕಿನೂ ಒಳಗ ಕಾಲಿಡಲಿಲ್ಲ. 2014ರಾಗ ಒಂದೊಂದ ಅಂತಸ್ತು ಬಿಚ್ಚಾಕ ಹತ್ತಿದ್ರು."

ಮೌಲಾಸಾಬರಿಗೆ ಹಿಡಿಸಲಾರದಷ್ಟು ಖುಷಿ. "ಅಮೆರಿಕಾದಾಗ? ಕಂಬಿ ತಪ್ಪು? ನಲವತ್ತು ವರ್ಷ ರಿಂಗ್ ಕಟ್ಟೇನ್ರೀ ನಾನು, ಒಂದು ಬಿಲ್ಡಿಂಗ್ ಬಿಚ್ಚಿಲ್ಲ!"

"ಬಿಚ್ಚಿಲ್ಲ ಖರೆ. ಮ್ಯಾಲಿನ ಬಾತ್‌ರೂಮ್ ಹೋದ ಮಳಿಗಾಲದಿಂದ ಸೋರಾಕ ಹತ್ತೇತಿ," ಎಂದರು ಸಾವ್ಕಾರರು.

ಸೋರುವ ಮಾತಿನಿಂದ ಸಿಂಗಪುರಕ್ಕೆ ದಾರಿಯಾಯಿತು. 2010ರಲ್ಲಿ ತೆರೆದ ಕ್ಯಾಸಿನೋ ಹೋಟೆಲ್ ಮರೀನಾ ಬೇ ಸ್ಯಾಂಡ್ಸ್‌ಗೆ 55 ಅಂತಸ್ತಿನ ಮೂರು ಗೋಪುರ, ಅವುಗಳ ತಲೆ ಮೇಲೆ 340 ಮೀಟರ್ ಉದ್ದದ ತೋಟ, ಅದರೊಳಗೆ 150 ಮೀಟರ್ ಉದ್ದದ ಈಜುಕೊಳ. ವಾಸ್ತುಶಿಲ್ಪಿ ಮೋಶೆ ಸಫ್ದಿ. ಗಾಳಿಗೆ ಮೂರೂ ಗೋಪುರ ಬೇರೆಬೇರೆಯಾಗಿ ಓಲಾಡುತ್ತವೆ. ಕೊಳ ಬಿರಿಯದಿರಲೆಂದು ಅದರ ತಳದಲ್ಲಿ ಜರುಗುವ ಜಾಯಿಂಟ್‌ಗಳಿವೆ.

"ಜರುಗೋ ಜಾಯಿಂಟ್!" ಮೌಲಾಸಾಬರು ಬಾತ್‌ರೂಮಿನ ಕಡೆ ಕೈ ತೋರಿದರು. "ನಾನೂ ಅದನ್ನ ಮಾಡೇನ್ರೀ, ಸಾವ್ಕಾರ್ರ. ಅದು ಜರುಗೇತಿ."

"ಅಷ್ಟು ದೊಡ್ಡ ಕಟ್ಟಡದಾಗ ಜೂಜಿನ ಜಾಗಾ 15,000 ಚದರ ಮೀಟರ್ ದಾಟಬಾರದು ಅಂತ ಶುರುವಿನ್ಯಾಗ ಸರ್ಕಾರದ ಮಿತಿ ಇತ್ತು," ಎಂದಳು ಶ್ವೇತಾ. "ಗಳಿಕಿಯೊಳಗ ದೊಡ್ಡ ಪಾಲು ಮಾತ್ರ ಅಲ್ಲಿಂದನ. ಪರದೇಶದವರು ಪಾಸ್‌ಪೋರ್ಟ್ ತೋರಿಸಿ ಪುಕ್ಕಟೆ ಒಳಗ ಹೋಗಬಹುದು. ಅಲ್ಲಿಯ ಪ್ರಜೆ ಆದ್ರ ದಿನಕ್ಕ 150 ಸಿಂಗಪುರ ಡಾಲರ್ ಕಟ್ಟಬೇಕು. ಗೋವಾದಾಗೂ 2020ರಿಂದ ಊರವರಿಗೆ ಕ್ಯಾಸಿನೋ ಬಂದ್."

"ಅಂದ್ರ ಮನೀ ಮಂದಿಗೆ ಬ್ಯಾಡಾದ್ದು ಬೀಗರ ತಾಟಿಗೆ!"

"ಹಂಗ ಅನ್ನು. ಆಡೋರ ಜೂಜು ಟೇಬಲ್ ಮ್ಯಾಲ ಶುರು ಆಗತೈತಿ ಅಪ್ಪಾ, ಕಟ್ಟೋರದು ಪಾಯಾದಾಗ. ಫೌಂಟನ್‌ಬ್ಲೂ ಅಂತ ವೇಗಸ್‌ದಾಗ ಹೋಟೆಲ್: 2007ರಾಗ ಕೆಲಸ ಶುರು, 2009ರಾಗ ದಿವಾಳಿ, ಬಾಗಿಲು ತೆಗೆದದ್ದು 2023ರ ಡಿಸೆಂಬರಿಗೆ. ಉತ್ತರ ಕೊರಿಯಾದ ಪ್ಯೋಂಗ್ಯಾಂಗ್‌ದಾಗ ರ್ಯುಗ್ಯಾಂಗ್ ಹೋಟೆಲ್ ಅಂತೈತಿ. 105 ಅಂತಸ್ತು, 330 ಮೀಟರ್ ಎತ್ತರ. 1987ರಾಗ ಶುರು ಮಾಡ್ಯಾರ. ಗಾಜು ಕೂಡಿಸ್ಯಾರ, ರಾತ್ರಿ ಲೈಟ್ ಹಚ್ಚತಾರ. ಗಿರಾಕಿ ಮಾತ್ರ ಇನ್ನೂ ಮಲಗಿಲ್ಲ."

"ಅಲ್ಲಿ ಗೌಂಡಿ ಪುಣ್ಯವಂತ," ಎಂದು ಮೌಲಾಸಾಬರು ನಿಟ್ಟುಸಿರಿಟ್ಟರು.

ಸಾವ್ಕಾರರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಹಂಗಾದ್ರ ವೇಗಸ್‌ನವರು ಬದುಕಿದ್ದರ ಹೆಂಗ?"

ಜೂಜಿಗಿಂತ ಖೋಲಿ, ಊಟ, ಆಟನೋಟದಿಂದಲೇ ಈಗ ಆ ಬೀದಿಯ ದೊಡ್ಡ ರೆಸಾರ್ಟುಗಳಿಗೆ ಹೆಚ್ಚು ಆದಾಯ ಎಂದು ಶ್ವೇತಾ ವಿವರಿಸಿದಳು. ಆಟನೋಟದ ಆಸೆಗೆ 2023ರಲ್ಲಿ 230 ಕೋಟಿ ಡಾಲರ್ ಸುರಿದು, 366 ಅಡಿ ಎತ್ತರದ ಸ್ಫಿಯರ್ ಎಂಬ ಗೋಳಾಕಾರದ ರಂಗಮಂದಿರವನ್ನೇ ಎಬ್ಬಿಸಿದ್ದಾರೆ. ಮದುವೆಗಳೂ ಅಲ್ಲಿ ವಿಪರೀತ; ಮದುವೆ ಲೈಸೆನ್ಸ್ ಕೊಡುವ ಕಚೇರಿ ವರ್ಷವಿಡೀ ಮಧ್ಯರಾತ್ರಿಯವರೆಗೆ ತೆರೆದಿರುತ್ತದೆ.

"ಮುಹೂರ್ತನ ಬ್ಯಾಡೇನು?" ಸಾವ್ಕಾರರು ಎದ್ದು ನಿಂತರು. "ಮೌಲಾ, ಲಾಡ್ಜ್ ಹಂಗ ಇರಲಿ. ಹಿತ್ತಲದಾಗ ಒಂದು ಕಲ್ಯಾಣ ಮಂಟಪ! ಎಷ್ಟು ದಿನ ಬೇಕು?"

"ಆರು ತಿಂಗಳು ಸಾಕ್ರೀ."

ಶ್ವೇತಾ ಕಾಗದ ಮುಂದಿಟ್ಟಳು. "ಬರೆದು ಸಹಿ ಮಾಡ್ರಿ ಕಾಕಾ."

ಮೌಲಾಸಾಬರು ಅಡ್ವಾನ್ಸನ್ನು ಮೊದಲು ಎಣಿಸಿ ಕಿಸೆಗಿಟ್ಟರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಕೇಳಿದರು: "ಆರು ತಿಂಗಳು ಅಂತ ಯಾವ ಊರಿನ ಲೆಕ್ಕದಾಗ ಬರೀಲಿ ಅವ್ವಾ? ಸಿಂಗಪುರದ್ದೋ, ಪ್ಯೋಂಗ್ಯಾಂಗ್‌ದೋ?"