ಚದರಡಿಯ ತರ್ಕಶಾಸ್ತ್ರ

ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೆ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಮಾದರಿ ಮನೆಗಳಲ್ಲಿ ನಡೆಯುವ ಸಂವಾದವು ತರ್ಕಶಾಸ್ತ್ರದ ಅಭ್ಯಾಸಿಗಳಿಗೆ ಉಪಯುಕ್ತವಾದುದು.

"ಮನೆ ಎಷ್ಟು ಚದರಡಿ?" ಎಂದು ಗ್ರಾಹಕರು ಕೇಳುತ್ತಾರೆ.

"1,500, ಸರ್. ಸೂಪರ್ ಬಿಲ್ಟ್‌ಅಪ್" ಎನ್ನುತ್ತಾರೆ ಪ್ರತಿನಿಧಿ; ಎಂದರೆ ಲಿಫ್ಟು, ಮೆಟ್ಟಿಲು, ಓಣಿಗಳಲ್ಲಿ ಗ್ರಾಹಕರ ಪಾಲನ್ನೂ ಕೂಡಿಸಿದ ವಿಸ್ತೀರ್ಣ.

"ಮಂಚ ಹಾಕಲು ಸಿಗುವುದೆಷ್ಟು?"

"ಅದು ಕಾರ್ಪೆಟ್ ಏರಿಯಾ, ಸರ್. 1,050."

ಹೊರಗೋಡೆ, ಬಾಲ್ಕನಿಗಳನ್ನು ಬಿಟ್ಟು ಒಳಗೆ ಬಳಕೆಗೆ ದೊರೆಯುವ ಈ ನೆಲವನ್ನು 2016ರ ರೇರಾ, ಅಂದರೆ ಸ್ಥಿರಾಸ್ತಿ ವ್ಯವಹಾರವನ್ನು ನಿಯಂತ್ರಿಸುವ ಕಾಯ್ದೆಯು, ಸ್ಪಷ್ಟವಾಗಿ ನಿರೂಪಿಸಿದ್ದರೂ, ಉಳಿದ 450 ಚದರಡಿಗಳಲ್ಲಿ ಗ್ರಾಹಕರು ಲಿಫ್ಟಿಗೆ ಕಾಯುತ್ತ ಸುಖವಾಗಿ ಬಾಳಬಹುದೆಂಬುದು ಪ್ರತಿನಿಧಿಯ ಸಿದ್ಧಾಂತ.

"ಓಸಿ ಬಂದಿದೆಯೇ?" ಕಟ್ಟಡವು ಮಂಜೂರಾದ ನಕ್ಷೆಯಂತಿದ್ದು ವಾಸಯೋಗ್ಯವೆಂದು ಸ್ಥಳೀಯ ಸಂಸ್ಥೆ ನೀಡುವ ಸ್ವಾಧೀನಾನುಭವ ಪತ್ರವಿದು.

"ಈಜುಕೊಳ ನೋಡಿದಿರಾ, ಸರ್?"

"ಕಾವೇರಿ ಸಂಪರ್ಕ?"

"ಪೈಪು ಸಿದ್ಧವಿದೆ."

"ನೀರು?"

"ಟ್ಯಾಂಕರಿನವರು ಪರಿಚಯಸ್ಥರು, ಸರ್. ಇಂದೇ ಮುಂಗಡ ಕೊಟ್ಟರೆ ಹಳೆಯ ದರ."

ಹಳೆಯ ದರವೆಂಬುದು ಪ್ರತಿ ಭಾನುವಾರವೂ ಮುಗಿದು ಸೋಮವಾರ ಮರುಹುಟ್ಟು ಪಡೆಯುವ ತತ್ತ್ವವಾಗಿದ್ದು, ವೇದಾಂತಿಗಳು ಇದನ್ನಿನ್ನೂ ಗಮನಿಸಿದಂತಿಲ್ಲ. ಮುಂಗಡದ ವಿಷಯದಲ್ಲಾದರೋ, ಲಿಖಿತ ಮಾರಾಟ ಕರಾರು ಮಾಡಿ ನೋಂದಾಯಿಸುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲವೆಂದು ಅದೇ ರೇರಾ ಕಾಯ್ದೆಯ 13ನೆಯ ಪ್ರಕರಣ ಹೇಳುತ್ತದೆ.