ನಿಶ್ವಾಸಸಂಧಿ ಮೀಮಾಂಸೆ: ಅಲ್ ಖಫ್ಜಿಯ ಟರ್ಬೊ ವಾಹನಗಳ ಏದುಸಿರನ್ನು ಕುರಿತು

ಪ್ರಕರಣ 1: ಕ್ಷೇತ್ರನಿರ್ಣಯ

ಸೌದಿ ಅರೇಬಿಯಾದ ಈಶಾನ್ಯ ಮೂಲೆಯಲ್ಲಿ, ಕುವೈತ್ ಗಡಿಯ ಮಗ್ಗುಲಿಗೆ, ಕೊಲ್ಲಿಯ ದಡದಲ್ಲಿರುವ ಅಲ್ ಖಫ್ಜಿಯನ್ನು ಇತಿಹಾಸಕಾರರು 1991ರ ಜನವರಿ ಕೊನೆಯಲ್ಲಿ ಅಲ್ಲಿ ನಡೆದ ಯುದ್ಧದಿಂದಲೂ, ಎಣ್ಣೆ ವ್ಯಾಪಾರಿಗಳು 1960ರಲ್ಲಿ ಅದರ ಕಡಲಿನಲ್ಲಿ ಜಪಾನಿನ ಅರೇಬಿಯನ್ ಆಯಿಲ್ ಕಂಪನಿಗೆ ದೊರೆತ ತೈಲದಿಂದಲೂ ಬಲ್ಲರಾದರೂ, ಆ ಊರಿಗೆ ಉಸಿರಾಟಶಾಸ್ತ್ರದ ಪ್ರಯೋಗಭೂಮಿಯೆಂಬ ಮೂರನೆಯ ಹಿರಿಮೆಯೂ ಸಲ್ಲಬೇಕೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಇಲ್ಲಿ ಉಸಿರಾಟವೆಂದರೆ ಮನುಷ್ಯರದಲ್ಲ. ಮನುಷ್ಯರ ಉಸಿರಾಟವನ್ನು ಕುರಿತು ಯೋಗಶಾಸ್ತ್ರದಲ್ಲಿ ಹೇರಳವಾದ ಸಾಹಿತ್ಯವಿದ್ದು, ಸನಾಯ್ಯಾ ಎಂದು ಗಲ್ಫ್ ಕನ್ನಡಿಗರು ಕರೆಯುವ ಕೈಗಾರಿಕಾ ಪೇಟೆಯ ವರ್ಕ್‌ಶಾಪಿನಲ್ಲಿ ಬಾನೆಟ್ ತೆರೆದು ನಿಂತ ಮೋಟಾರು ವಾಹನದ ಉಸಿರಾಟವಾದರೋ ಪಂಡಿತರ ಕಣ್ಣಿಗೆ ಇದುವರೆಗೆ ಬಿದ್ದಂತಿಲ್ಲ.

ಪ್ರಕರಣ 2: ಶಬ್ದನಿಷ್ಪತ್ತಿ ಮತ್ತು ಪರಿಭಾಷೆ

ಮೊದಲಿಗೆ, ಇಂಜಿನ್‌ನ ಉಸಿರುಕೊಳವೆಗೆ ಸಲ್ಲುವ ‘ಬ್ರೀದರ್’ ಎಂಬ ಪದ. ಇದು ‘ಬಿರಿದರ್’ ಎಂಬ ಹಳಗನ್ನಡ ಕ್ರಿಯಾಪದದ ಸವೆದ ರೂಪವೆಂದೂ, ‘ಅವರು ಒಡೆದುಹೋದರು’ ಎಂಬುದೇ ಅದರ ಅರ್ಥವೆಂದೂ, ಉಸಿರುಕೊಳವೆ ಇಲ್ಲದ ಇಂಜಿನ್‌ಗಳಿಗೆ ಒದಗಿದ ಗತಿಯನ್ನು ನೋಡಿ ಹಿರಿಯರು ಈ ಹೆಸರಿಟ್ಟರೆಂದೂ ವಾದಿಸಲು ಆಸೆಯಾಗುವುದು ಸಹಜ. ಪದವು ಇಂಗ್ಲಿಷಿನಿಂದ ಬಂದದ್ದೆಂಬ ಒಂದೇ ಒಂದು ಸಣ್ಣ ಆಕ್ಷೇಪವನ್ನು ಬಿಟ್ಟರೆ ಈ ವ್ಯುತ್ಪತ್ತಿಯಲ್ಲಿ ದೋಷವಿಲ್ಲ.

ಕ್ರ್ಯಾಂಕ್‌ಕೇಸ್ ಎಂದರೆ ಇಂಜಿನ್‌ನ ಹೊಟ್ಟೆ; ಪಿಸ್ಟನ್‌ಗಳ ಕೆಳಗೆ ಕ್ರ್ಯಾಂಕ್‌ಶಾಫ್ಟ್ ತಿರುಗುವ, ಅದರ ತಳದಲ್ಲಿ ಆಯಿಲ್ ನಿಲ್ಲುವ ಈ ಕೋಣೆಯನ್ನು ನಮ್ಮ ಮೆಕ್ಯಾನಿಕ್‌ಗಳು ಸುಲಭವಾಗಿ ಚೇಂಬರ್ ಎನ್ನುತ್ತಾರೆ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಒತ್ತಡದಲ್ಲಿ ಬಹುಪಾಲು ಪಿಸ್ಟನ್ನನ್ನು ತಳ್ಳುವ ಕರ್ತವ್ಯವನ್ನು ನೆರವೇರಿಸಿದರೂ, ಸ್ವಲ್ಪ ಭಾಗವು ಪಿಸ್ಟನ್ ರಿಂಗುಗಳ ಸಂದಿನಿಂದ ನುಸುಳಿ ಚೇಂಬರಿಗೆ ಇಳಿಯುತ್ತದೆ. ಪುಸ್ತಕಗಳು ಇದನ್ನು ‘ಬ್ಲೋ-ಬೈ’ ಎಂದೂ, ವರ್ಕ್‌ಶಾಪುಗಳು ‘ಬ್ಯಾಕ್ ಕಂಪ್ರೆಶನ್’ ಎಂದೂ ಕರೆಯುತ್ತವೆ. ಹೀಗೆ ನುಸುಳಿದ ಗಾಳಿಯ ಪೌರತ್ವವನ್ನು ನಿರ್ಣಯಿಸುವುದು ಕಷ್ಟ. ಅದು ಉರಿಯುವ ಕೋಣೆಯನ್ನು ಬಿಟ್ಟಿದೆ, ಹೊರಗಿನ ಲೋಕವನ್ನು ಸೇರಿಲ್ಲ. ಅಲ್ ಖಫ್ಜಿಯ ಸುತ್ತಲಿನ ನೆಲಕ್ಕೂ ಇದೇ ಸ್ಥಿತಿ ಒದಗಿತ್ತು: 1922ರ ಉಕೈರ್ ಒಪ್ಪಂದವು ಅದನ್ನು ಎರಡು ರಾಜ್ಯಗಳ ನಡುವಣ ತಟಸ್ಥ ವಲಯವಾಗಿ ಬಿಟ್ಟಿತು, 1965ರ ಒಪ್ಪಂದವು ನೆಲವನ್ನು ಹಂಚಿಕೊಟ್ಟಿತಾದರೂ ನೆಲದಡಿಯ ಎಣ್ಣೆಯನ್ನು ಇಬ್ಬರಿಗೂ ಸಮಪಾಲಾಗಿ ಉಳಿಸಿತು. ಆದುದರಿಂದ ಕ್ರ್ಯಾಂಕ್‌ಕೇಸನ್ನು ಇಂಜಿನ್‌ನ ತಟಸ್ಥ ವಲಯವೆಂದು ಕರೆಯುವುದರಲ್ಲಿ ಅತಿಶಯವಿಲ್ಲ. ಎರಡರಲ್ಲಿಯೂ ತಳದಲ್ಲಿ ಎಣ್ಣೆಯಿದೆ, ಮೇಲೆ ಒತ್ತಡವಿದೆ.

ಪ್ರಕರಣ 3: ವಾತಪ್ರಕೋಪದ ನಿದಾನ

ಟರ್ಬೊ ಎಂಬುದು ಇಂಜಿನ್ ಹೊರಬಿಡುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುರುಕುವ ಸಾಧನ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಮದುವೆಯ ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿದ ಕೈಯನ್ನೂ ಸರಿಸಿ ಹೋಳಿಗೆ ಬಡಿಸುವ ಸೋದರಮಾವನ ಪಾತ್ರವನ್ನೇ ಇದು ಇಂಜಿನ್‌ನಲ್ಲಿ ವಹಿಸುತ್ತದೆ. ಬಡಿಸುವುದು ಮಾವನ ಧರ್ಮ, ತೇಗುವುದು ಉಂಡವನ ಧರ್ಮ. ತೇಗಿಗೆ ದಾರಿಯಿಲ್ಲದಿದ್ದರೆ ಮುಂದಿನದು ವೈದ್ಯರ ಧರ್ಮ.

ಟರ್ಬೊ ಇಲ್ಲದ ಇಂಜಿನ್‌ನಲ್ಲಿ ಈ ತೇಗಿನ ವ್ಯವಸ್ಥೆ ಸರಳ. ಇಂಜಿನ್ ಗಾಳಿಯನ್ನು ಹೀರುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ನಿರ್ವಾತವು ಪಿಸಿವಿ ವಾಲ್ವ್ ಎಂಬ ಏಕಮುಖ ಬಾಗಿಲಿನ ಮೂಲಕ ಚೇಂಬರಿನ ಕೆಟ್ಟ ಗಾಳಿಯನ್ನು ಎಳೆದುಕೊಂಡು ಸುಟ್ಟುಬಿಡುತ್ತದೆ. ಟರ್ಬೊ ಬಂದೊಡನೆ ಚಿತ್ರ ಬದಲಾಗುತ್ತದೆ: ಒಂದು ಬಾರ್ ಬೂಸ್ಟ್ ಎಂದರೆ ಮ್ಯಾನಿಫೋಲ್ಡಿನಲ್ಲಿ ಹೊರಗಿನ ವಾತಾವರಣದ ಎರಡರಷ್ಟು ಒತ್ತಡ, ಆದ್ದರಿಂದ ಹೀರಬೇಕಾದ ಬಾಯಿಯೇ ಊದಲು ತೊಡಗುತ್ತದೆ, ಪಿಸಿವಿ ವಾಲ್ವ್ ಮುಚ್ಚಿಕೊಳ್ಳಬೇಕಾಗುತ್ತದೆ. ಅದು ಸವೆದು ಮುಚ್ಚಿಕೊಳ್ಳದೆ ಹೋದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗಿ, ಟರ್ಬೊದ ಗಾಳಿಯೇ ನೇರವಾಗಿ ಚೇಂಬರಿಗೆ ನುಗ್ಗುತ್ತದೆ. ಬೂಸ್ಟ್ ಹೆಚ್ಚಿದಂತೆ ರಿಂಗುಗಳ ಸಂದಿನಿಂದ ನುಸುಳುವ ಗಾಳಿಯೂ ಹೆಚ್ಚುವುದರಿಂದ, ಹೊರದಾರಿಗಳಲ್ಲಿ ಒಂದು ಮುಚ್ಚಿದ ಗಳಿಗೆಯಲ್ಲೇ ಜನಸಂದಣಿ ಇಮ್ಮಡಿಸಿದ ಜಾತ್ರೆಯ ಸ್ಥಿತಿ ಅಲ್ಲಿ ಉಂಟಾಗುತ್ತದೆ.

ಗಲ್ಫಿನ ಮರಳುದಿಣ್ಣೆ ಏರುವ ಶೋಕಿಯಲ್ಲಿ ಪಟ್ಟದಾನೆಯ ಸ್ಥಾನ ಪಡೆದಿರುವ ನಿಸಾನ್ ಪಟ್ರೋಲ್ ಈ ರೋಗಕ್ಕೆ ಆದರ್ಶ ಉದಾಹರಣೆ. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ, 4.8 ಲೀಟರಿನ ಅದರ ಟಿಬಿ48 ಇಂಜಿನ್ ಕಾರ್ಖಾನೆಯಿಂದ ಟರ್ಬೊ ಇಲ್ಲದೆ ಹೊರಟದ್ದು. ಟರ್ಬೊ ಅದಕ್ಕೆ ವರ್ಕ್‌ಶಾಪಿನಲ್ಲಿ ನಡೆಯುವ ಎರಡನೆಯ ನಾಮಕರಣ. ಹೊಟ್ಟೆ ಹಿಗ್ಗಿದ ಮೇಲೂ ಗಂಟಲು ಹಳೆಯ ಅಳತೆಯಲ್ಲಿಯೇ ಉಳಿಯುವುದರಿಂದ, ಡಿಪ್‌ಸ್ಟಿಕ್ ತನ್ನ ಕೊಳವೆಯಿಂದ ತಾನಾಗಿ ಎದ್ದು ನಿಲ್ಲುವುದು, ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಸೋರುವುದು, ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನೊಳಗೆ ಎಣ್ಣೆಯ ಅಭ್ಯಂಜನವಾಗುವುದು, ಆ ಎಣ್ಣೆ ಪೆಟ್ರೋಲಿನೊಡನೆ ಉರಿದು ನಾಕಿಂಗ್ ಎಂಬ ಅಕಾಲಸ್ಫೋಟಕ್ಕೆ ದಾರಿ ಮಾಡುವುದು ಎಂಬ ನಾಲ್ಕು ಲಕ್ಷಣಗಳು ಕ್ರಮವಾಗಿಯೋ ಒಟ್ಟಾಗಿಯೋ ಕಾಣಿಸಿಕೊಳ್ಳುತ್ತವೆ.

ಪ್ರಕರಣ 4: ಸಂಧಿ

ಗಂಟಲನ್ನು ಹಿಗ್ಗಿಸುವ ಶಸ್ತ್ರಚಿಕಿತ್ಸೆಗೆ ಬ್ರೀದರ್ ಫಿಟಿಂಗ್ ಬದಲಾವಣೆ ಎಂದು ಹೆಸರು. ಫಿಟಿಂಗ್ ಎಂದರೆ ಎರಡು ಕೊಳವೆಗಳ ಕೂಡುವಿಕೆ, ಕೂಡುವಿಕೆ ಎಂದರೆ ಸಂಧಿ. ಸಂಧಿಯ ವಿಚಾರದಲ್ಲಿ 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನ ಕಾಲದಿಂದಲೂ ಕನ್ನಡಿಗರಿಗೆ ಹೊರಗಿನವರ ಪಾಠ ಬೇಕಾಗಿಲ್ಲ. ಶಾಲೆಯ ವ್ಯಾಕರಣ ಪುಸ್ತಕವನ್ನು ಟೂಲ್‌ಬಾಕ್ಸಿನಲ್ಲಿ ಇಟ್ಟುಕೊಂಡವನಿಗೆ ಈ ಕೆಲಸ ನಾಲ್ಕು ಸೂತ್ರಗಳಲ್ಲಿ ಮುಗಿಯುತ್ತದೆ.

‘ಮಾತು’ ಮತ್ತು ‘ಇಲ್ಲ’ ಕೂಡಿ ‘ಮಾತಿಲ್ಲ’ ಆಗುವಾಗ ಉಕಾರ ಮಾಯವಾಗುವಂತೆ, ಹಳೆಯ ಸಂದುಗಳಲ್ಲಿ ಆಯಿಲ್ ಮಾಯವಾಗುವುದು ಲೋಪಸಂಧಿ. ‘ಮಳೆ’ ಮತ್ತು ‘ಕಾಲ’ ಕೂಡಿ ‘ಮಳೆಗಾಲ’ ಆಗುವಾಗ ಕಕಾರದ ಜಾಗಕ್ಕೆ ಗಕಾರ ಬರುವಂತೆ, ಇಂಜಿನ್‌ನ ತಲೆಯನ್ನು ಮುಚ್ಚುವ ಟ್ಯಾಪೆಟ್ ಕವರಿನ ಮೇಲಿನ ಸಣ್ಣ ಮೂತಿಯನ್ನು ಕತ್ತರಿಸಿ, ಅದೇ ಜಾಗಕ್ಕೆ ದೊಡ್ಡ ಅಲ್ಯೂಮಿನಿಯಂ ಫಿಟಿಂಗನ್ನು ಆರ್ಗನ್ ವೆಲ್ಡಿಂಗಿನಿಂದ ಕೂರಿಸುವುದು ಆದೇಶಸಂಧಿ. ‘ಮನೆ’ ಮತ್ತು ‘ಅನ್ನು’ಗಳ ನಡುವೆ ಯಕಾರ ಹೊಸದಾಗಿ ಬಂದು ಕೂರುವಂತೆ, ಇಂಜಿನ್‌ಗೂ ಟರ್ಬೊಗೂ ನಡುವೆ ಕ್ಯಾಚ್ ಕ್ಯಾನ್ ಎಂಬ ಎಣ್ಣೆ ಹಿಡಿಯುವ ಡಬ್ಬಿ ಬಂದು ಕೂರುವುದು ಆಗಮಸಂಧಿ. ಇನ್ನು ಸಂಧಿಯಾಗಬೇಕಾದ ಕಡೆ ಆಗದೆ ಎರಡೂ ಬೇರೆಬೇರೆಯಾಗಿ ನಿಲ್ಲುವುದು ಪ್ರಕೃತಿಭಾವ. ಇದಕ್ಕೆ ವ್ಯಾಕರಣ ಪುಸ್ತಕಗಳು ಕೊಡುವ ‘ಅಯ್ಯೋ ಇದೇನು’ ಎಂಬ ಉದಾಹರಣೆಯು, ಹೋಸ್ ಕ್ಲಿಪ್ ಸಡಿಲವಾಗಿ ಪೈಪು ಕಳಚಿ ಬಾನೆಟ್ಟಿನೊಳಗೆಲ್ಲ ಎಣ್ಣೆ ಸಿಡಿದಾಗ ಮಾಲೀಕನ ಬಾಯಿಂದ ಹೊರಡುವ ಉದ್ಗಾರಕ್ಕೆ ಅಕ್ಷರಶಃ ಸರಿಹೊಂದುವುದನ್ನು ವಿದ್ವಾಂಸರು ಗಮನಿಸಬೇಕು.

ಫಿಟಿಂಗಿನ ಅಳತೆಯಲ್ಲೂ ಕನ್ನಡದ ಛಾಯೆಯಿದೆ. ಅಮೆರಿಕದ ಸೇನೆ ಮತ್ತು ನೌಕಾಪಡೆಗಳ ಹೆಸರು ಹೊತ್ತ ಎಎನ್ ಎಂಬ ಪದ್ಧತಿಯಲ್ಲಿ, ಒಳಗಿನ ಕೂಡುಮುಖವನ್ನು 37 ಡಿಗ್ರಿ ಇಳಿಜಾರಿನಲ್ಲಿ ಕಡೆಯಲಾಗಿದ್ದು, ಕೊಳವೆಯ ಹೊರವ್ಯಾಸವನ್ನು ಇಂಚಿನ ಹದಿನಾರನೆಯ ಅಂಶಗಳಲ್ಲಿ ಎಣಿಸಲಾಗುತ್ತದೆ. ಹದಿನಾರನೆಯ ಒಂದಂಶಕ್ಕೆ ಕನ್ನಡದಲ್ಲಿ ‘ವೀಸ’ವೆಂಬ ಪ್ರಾಚೀನ ಪದವಿರುವುದರಿಂದ, 6 ಎಂಬ ಗುರುತಿನ ಫಿಟಿಂಗ್ ಆರು ವೀಸ ಇಂಚಿನದು, 10 ಎಂಬುದು ಹತ್ತು ವೀಸ ಇಂಚಿನದು. ಗಲ್ಫಿಗೆ ಬರಲು ಮನುಷ್ಯನಿಗೆ ಒಂದು ವೀಸಾ ಸಾಕು. ಅಲ್ಲಿ ಉಸಿರಾಡಲು ಟರ್ಬೊ ಇಂಜಿನ್‌ಗೆ ಹತ್ತು ವೀಸ ಬೇಕು.

ಆರು ವೀಸದಿಂದ ಹತ್ತು ವೀಸಕ್ಕೆ ಏರಿದಾಗ ಲೆಕ್ಕಕ್ಕೆ ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 2.8 ಪಟ್ಟಾಗುತ್ತದೆ. ರಕ್ತ ಹರಿಯುವ ಬಗೆಯನ್ನು ಅರಿಯಲು ಸಣ್ಣ ಕೊಳವೆಗಳಲ್ಲಿ ಪ್ರಯೋಗ ನಡೆಸಿದ ಫ್ರೆಂಚ್ ವೈದ್ಯ ಪ್ವಾಸೆಯ್ 1840ರ ದಶಕದಲ್ಲಿ ಪ್ರಕಟಿಸಿದ ನಿಯಮದಂತೆ, ನಿಧಾನವಾಗಿ ನುಣ್ಣಗೆ ಸಾಗುವ ಹರಿವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಹಾಗೆ ನೋಡಿದರೆ ಲಾಭ 7.7 ಪಟ್ಟು. ಇಂಜಿನ್‌ನ ತೇಗು ನಿಧಾನವೂ ಅಲ್ಲ, ನುಣುಪೂ ಅಲ್ಲ. ಅದು ಮಿಡಿಮಿಡಿದು ಬರುವುದರಿಂದ ನಿಜವಾದ ಲಾಭ ಇದಕ್ಕಿಂತ ಕಡಿಮೆಯೆಂಬುದನ್ನು ಒಪ್ಪಿಕೊಳ್ಳಬೇಕು. ಅಲ್ಲದೆ, ಟ್ಯಾಪೆಟ್ ಕವರಿನೊಳಗೆ ಎಣ್ಣೆಯನ್ನು ತಡೆಯಲು ಕಾರ್ಖಾನೆಯವರು ಇಟ್ಟಿರುವ ಬ್ಯಾಫಲ್ ತಗಡನ್ನು ಅಡ್ಡಿಯೆಂದು ಭಾವಿಸಿ ಕಿತ್ತೆಸೆದರೆ, ಕ್ಯಾಮ್‌ಶಾಫ್ಟ್ ಎರಚುವ ಎಣ್ಣೆಯೆಲ್ಲ ಹೊಸ ಹೆಬ್ಬಾಗಿಲಿನಿಂದಲೇ ಮೆರವಣಿಗೆ ಹೊರಡುತ್ತದೆ.

ಪ್ರಕರಣ 5: ದರ್ಶನಗಳು

ಹೊರಬಂದ ಉಸಿರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಅತಿ ಪ್ರಾಚೀನ ಉತ್ತರ ಚಾರ್ವಾಕರದು: ಚೇಂಬರಿನಿಂದ ಒಂದು ಕೊಳವೆಯನ್ನು ರಸ್ತೆಯತ್ತ ಇಳಿಬಿಟ್ಟು ಕೈತೊಳೆದುಕೊಳ್ಳುವುದು. ಲಾಸ್ ಏಂಜಲೀಸಿನ ಹೊಗೆಮಂಜಿನ ಮೂಲ ಮೋಟಾರು ವಾಹನಗಳಲ್ಲಿದೆಯೆಂದು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ ತೋರಿಸಿಕೊಟ್ಟ ಮೇಲೆ, 1961ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಈ ಮತವು ಅಸ್ತಂಗತವಾಯಿತು. ಉಳಿದದ್ದು ಮೂರು ದರ್ಶನಗಳು.

ಉಸಿರು ಬೇರೆ, ಇಂಜಿನ್ ಬೇರೆ, ಈ ಭೇದ ನಿತ್ಯ ಎನ್ನುವ ದ್ವೈತಿಗಳು ಡಬ್ಬಿಯ ತಲೆಗೆ ಸಣ್ಣ ಫಿಲ್ಟರ್ ತೊಡಿಸಿ ಗಾಳಿಗೆ ಬಿಡುತ್ತಾರೆ. ಹೊರಬಿದ್ದ ಉಸಿರು ಟರ್ಬೊದ ಬಾಯಿಯ ಮೂಲಕ ಮರಳಿ ಇಂಜಿನ್‌ನಲ್ಲೇ ಲೀನವಾಗಬೇಕೆನ್ನುವ ಅದ್ವೈತಿಗಳ ಕಡೆ ಬಹುತೇಕ ಕಾರ್ಖಾನೆಗಳಿವೆ. ಲೀನವಾಗುವುದು ನಿಜವಾದರೂ ಎಣ್ಣೆಯೆಂಬ ವಿಶೇಷಣವನ್ನು ನಡುವಿನ ಡಬ್ಬಿಯಲ್ಲಿ ಉಳಿಸಿಕೊಂಡು ಗಾಳಿಯನ್ನಷ್ಟೇ ಒಳಗೆ ಬಿಡಬೇಕೆಂಬುದು ವಿಶಿಷ್ಟಾದ್ವೈತ. ಉಡುಪಿ, ಶೃಂಗೇರಿ, ಮೇಲುಕೋಟೆಗಳು ಮೂರೂ ಒಂದೇ ರಾಜ್ಯದಲ್ಲಿರುವುದರಿಂದ ಕನ್ನಡದ ಮೆಕ್ಯಾನಿಕ್‌ಗೆ ಈ ಚರ್ಚೆಯಲ್ಲಿ ಗಾಬರಿಯಾಗಬೇಕಾದದ್ದೇನೂ ಇಲ್ಲ.

ಆದರೆ ದೇಶಕಾಲಗಳನ್ನು ಮರೆತ ದರ್ಶನ ದಾರಿ ತಪ್ಪಿಸುತ್ತದೆ. ಶಮಾಲ್ ಎಂಬ ವಾಯವ್ಯದ ಗಾಳಿ ಅಲ್ ಖಫ್ಜಿಯ ಮೇಲೆ ಹಿಟ್ಟಿನಷ್ಟು ನುಣುಪಾದ ಧೂಳನ್ನು ಹೊತ್ತು ತರುವಾಗ, ಹಳೆಯ ಪಿಸಿವಿ ಕೊಳವೆಯನ್ನು ಮುಚ್ಚದೆ ಡಬ್ಬಿಯನ್ನಷ್ಟೇ ತೆರೆದಿಟ್ಟ ದ್ವೈತಿಯ ಇಂಜಿನ್, ನಿಂತಲ್ಲಿ ಓಡುವಾಗ ಆ ಸಣ್ಣ ಫಿಲ್ಟರಿನಿಂದಲೇ ಗಾಳಿ ಎಳೆದು ಮರುಭೂಮಿಯನ್ನು ಚಮಚ ಚಮಚವಾಗಿ ಸೇವಿಸುತ್ತದೆ. ಜೊತೆಗೆ, ಫಹಸ್ ಎಂಬ ವಾಹನ ತಪಾಸಣೆಯವರ ಮುಂದೆ ಎಣ್ಣೆಹೊಗೆಯನ್ನು ಸಮರ್ಥಿಸಲು ಯಾವ ಭಾಷ್ಯವೂ ನೆರವಿಗೆ ಬಾರದು. ಅದ್ವೈತಿಗೆ ಇಂಟರ್‌ಕೂಲರಿನ ಎಣ್ಣೆಸ್ನಾನ ತಪ್ಪಿದ್ದಲ್ಲ. ಆದ್ದರಿಂದ ಟರ್ಬೊ ಕಟ್ಟಿಸಿಕೊಂಡ ವಾಹನಕ್ಕೆ, ಈ ಊರಿನ ಮಟ್ಟಿಗೆ, ವಿಶಿಷ್ಟಾದ್ವೈತವೇ ಸಿದ್ಧಾಂತ.

ಪ್ರಕರಣ 6: ದೃಷ್ಟಾಂತ ಮತ್ತು ನಿರ್ಣಯ

ಈ ಸಿದ್ಧಾಂತಕ್ಕೆ ಅಲ್ ಖಫ್ಜಿಯೇ ದೃಷ್ಟಾಂತ. ದಿನಕ್ಕೆ ಸುಮಾರು 3 ಲಕ್ಷ ಬ್ಯಾರೆಲ್ ಸಾಮರ್ಥ್ಯದ ಅಲ್ಲಿನ ತೈಲಕ್ಷೇತ್ರವನ್ನು 2014ರ ಅಕ್ಟೋಬರಿನಲ್ಲಿ ಮುಚ್ಚಿದಾಗ ಕೊಟ್ಟ ಕಾರಣ, ಅದು ಗಾಳಿಗೆ ಬಿಡುವ ಹೊಗೆಯು ಪರಿಸರ ನಿಯಮಕ್ಕೆ ಹೊಂದುವುದಿಲ್ಲವೆಂಬುದು. ಪಾಲುದಾರ ದೇಶಗಳಾದ ಸೌದಿ, ಕುವೈತ್‌ಗಳ ನಡುವಿನ ಮುನಿಸೂ ಅದರ ಹಿಂದೆ ಇದ್ದಿತೆಂದು ಆಗ ಸುದ್ದಿಯಾಗಿತ್ತು. 2019ರ ಡಿಸೆಂಬರಿನಲ್ಲಿ ಒಪ್ಪಂದವಾಗಿ, 2020ರಲ್ಲಿ ಎಣ್ಣೆ ಮತ್ತೆ ಹರಿಯಿತು. ಒಂದು ಪಟ್ಟಣದ ತೈಲವೇ ಉಸಿರಿನ ನೆಪದಲ್ಲಿ 5 ವರ್ಷ ನಿಲ್ಲಬಹುದಾದರೆ, ಒಂದು ಪಟ್ರೋಲ್ ರಸ್ತೆಬದಿಯಲ್ಲಿ ನಿಲ್ಲುವುದರಲ್ಲಿ ಸೋಜಿಗವಿಲ್ಲ.

ಕೊನೆಯದಾಗಿ, ಗಂಟಲು ದೊಡ್ಡದು ಮಾಡಿಸಿದ ಮಾತ್ರಕ್ಕೆ ಹೊಟ್ಟೆಯ ರೋಗ ವಾಸಿಯಾಗದೆಂಬುದನ್ನು ಓದುಗರು ನೆನಪಿಡಬೇಕು. ಫಿಟಿಂಗಿಗೆ ಹಣ ಸುರಿಯುವ ಮೊದಲು ಇಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ, ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಟ್ಟು ನೋಡಬೇಕು. ಮುಚ್ಚಳ ಸುಮ್ಮನೆ ನಡುಗಿದರೆ ಬ್ರೀದರ್ ಬದಲಿಸಬಹುದು; ಕುಣಿದು ಕೆಳಗೆ ಬಿದ್ದರೆ ಕಂಪ್ರೆಶನ್ ಪರೀಕ್ಷೆ ಮಾಡಿಸತಕ್ಕದ್ದು, ಏಕೆಂದರೆ ಸವೆದ ರಿಂಗಿಗೆ ವ್ಯಾಕರಣದಲ್ಲಾಗಲಿ ವೇದಾಂತದಲ್ಲಾಗಲಿ ಔಷಧವಿಲ್ಲ. ಎಲ್ಲವೂ ಸರಿಯಾಗಿ ಡಬ್ಬಿ ಕಟ್ಟಿಸಿಕೊಂಡವರು ಅದನ್ನು ಆಗಾಗ ಖಾಲಿ ಮಾಡಬೇಕು. ತುಂಬಿದ ಡಬ್ಬಿ ಎಷ್ಟೇ ವಿಶಿಷ್ಟವಾಗಿದ್ದರೂ ಎಣ್ಣೆಯನ್ನು ಟರ್ಬೊಗೇ ಕಳಿಸುತ್ತದೆ.